ತಬ್ಬಿಕೊಳ್ಳೋದೂ ಒಂದು ವಿದ್ಯೆ ಸ್ವಾಮೀ!

ಬಾಕ್ಸಿಂಗ್ ನೋಡುವ ಜನಕ್ಕೆ ಒಂದು ದೃಶ್ಯ ಕಂಡರೆ ಆಗೋದೇ ಇಲ್ಲ. ಇಬ್ಬರು ಗಟ್ಟಿ ಆಸಾಮಿಗಳು ಚೆನ್ನಾಗಿ ಹೊಡೆದಾಡ್ತಾ ಇರುತ್ತಾರೆ, ಇದ್ದಕ್ಕಿದ್ದ ಹಾಗೆ ಒಬ್ಬ ಮುಂದೆ ನುಗ್ಗಿ ಇನ್ನೊಬ್ಬನನ್ನು ತಬ್ಬಿಕೊಂಡು ನಿಂತುಬಿಡುತ್ತಾನೆ. ಎಷ್ಟೋ ದಿನದ ಮೇಲೆ ಸಿಕ್ಕ ಅಣ್ಣತಮ್ಮಂದಿರ ಹಾಗೆ! ರೆಫ್ರಿ ಮಧ್ಯೆ ಬಂದು "ಬ್ರೇಕ್" ಅಂತ ಬಿಡಿಸಬೇಕು. ಅಷ್ಟರಲ್ಲಿ ಪ್ರೇಕ್ಷಕರು ಕೂಗೋಕೆ ಶುರು ಮಾಡಿರುತ್ತಾರೆ. ನಮ್ಮ ಮನೆಯ ಸೋಫಾದ ಮೇಲೆ ಕೂತವರೂ ಬಿಡೋದಿಲ್ಲ. "ಹೆದರುಪುಕ್ಕಲ, ಹೊಡೆಯೋಕೆ ಬರಲ್ಲ ಅಂತ ತಬ್ಕೊಂಡ" ಅಂತ ತೀರ್ಪು ಕೊಟ್ಟೇಬಿಡುತ್ತಾರೆ.

ಈ ತಬ್ಬಾಟಕ್ಕೆ ಬಾಕ್ಸಿಂಗಿನಲ್ಲಿ 'ಕ್ಲಿಂಚ್' ಅಂತ ಹೆಸರು. ನನ್ನ ವಾದ ಇಷ್ಟೇ: ಕ್ಲಿಂಚ್ ಅನ್ನೋದು ಹೆದರಿದವನ ಆಟ ಅಲ್ಲವೇ ಅಲ್ಲ, ಬಾಕ್ಸಿಂಗಿನ ರಕ್ಷಣಾ ವಿದ್ಯೆಗಳಲ್ಲಿ ಅದು ತುಂಬಾ ಬೇಕಾದದ್ದು. ಹವ್ಯಾಸಕ್ಕೆ ಅಂತ ಗ್ಲೌಸ್ ಹಾಕಿಕೊಳ್ಳುವ ನನ್ನಂಥವರಿಗೆ ಅದನ್ನು ಹುಕ್ಕು, ಅಪ್ಪರ್‌ಕಟ್ಟಿಗಿಂತ ಮೊದಲೇ ಕಲಿಸಬೇಕು.

"ಕೋಡ್ ಬರೆಯೋನಿಗೆ ಬಾಕ್ಸಿಂಗ್ ಉಸಾಬರಿ ಯಾಕಪ್ಪಾ" ಅಂತ ಕೇಳ್ತೀರಾ? ನಮ್ಮಮ್ಮನೂ ಅದನ್ನೇ ಕೇಳೋದು :) ದಿನಕ್ಕೆ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರುವ ಕೆಲಸ. ಬೆನ್ನು ನೋವು ಅಂತ ಜಿಮ್ಮಿಗೆ ಹೋದವನು ಪಕ್ಕದ ಹಾಲಿನಲ್ಲಿ ನೇತುಹಾಕಿದ್ದ ಚೀಲಕ್ಕೆ ಗುದ್ದುತ್ತಾ ಗುದ್ದುತ್ತಾ ಅಲ್ಲೇ ಉಳಿದುಬಿಟ್ಟೆ. ಈಗ ಎರಡು ವರ್ಷವಾಯಿತು. ವಾರಕ್ಕೆ ಮೂರು ಸಂಜೆ, ಟ್ರಾಫಿಕ್ ಕರುಣಿಸಿದರೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ದೊಡ್ಡ ಪಂಡಿತನ ಮಾತೇನಲ್ಲ, ಏಟು ತಿಂದವನ ಮಾತು ಅಂದುಕೊಳ್ಳಿ.

*

ಇದನ್ನು ಬರೆಯಲೇಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ನನ್ನ ಜೊತೆಗೇ ಸೇರಿದ್ದ ಒಬ್ಬ ಹುಡುಗ, ನಮ್ಮದೇ ಫೀಲ್ಡಿನವನು. ಆರು ತಿಂಗಳಲ್ಲಿ ಜ್ಯಾಬ್, ಕ್ರಾಸ್, ಹುಕ್ಕು ಎಲ್ಲ ಚೆನ್ನಾಗಿ ಕಲಿತಿದ್ದ. ಒಂದು ಶನಿವಾರ ತನಗಿಂತ ದಪ್ಪಗಿದ್ದವನ ಜೊತೆ ಸ್ಪಾರಿಂಗ್‌ಗೆ ಇಳಿದ. ಒಂದು ಏಟು ಕಿವಿಯ ಹತ್ತಿರ ಬಿತ್ತು, ಕಾಲು ಸಡಿಲವಾಯಿತು. ನೋಡುತ್ತಿದ್ದ ನಮಗೆಲ್ಲ ಅದು ಗೊತ್ತಾಯಿತು. ಅವನು ಮಾಡಿದ್ದೇನು? ನೇರ ಹಿಂದಕ್ಕೆ ಹಿಂದಕ್ಕೆ ಹೋದ. ಬೆನ್ನಿಗೆ ಹಗ್ಗ ತಾಗಿತು. ಅಲ್ಲಿ ನಿಂತು ಇನ್ನೂ ನಾಲ್ಕೈದು ತಿಂದ. ಮಾರನೇ ದಿನ ತಲೆನೋವು, ವಾಂತಿ, ಲ್ಯಾಪ್‌ಟಾಪಿನ ಸ್ಕ್ರೀನ್ ನೋಡಿದರೆ ಕಣ್ಣು ಕತ್ತಲೆ. ಡಾಕ್ಟರು "ಕನ್ಕಷನ್, ಮಿದುಳು ಅಲುಗಿದೆ, ಪೂರ್ತಿ ರೆಸ್ಟು" ಅಂದರು. ಕೆಲಸಕ್ಕೆ ವಾಪಸ್ಸು ಬರೋಕೆ ಎರಡು ವಾರ ಹಿಡಿಯಿತು. ಬಾಕ್ಸಿಂಗ್‌ಗೆ ಅವನು ಮತ್ತೆ ಬರಲೇ ಇಲ್ಲ.

ಅವನಿಗೆ ಹೊಡೆಯುವ ವಿಧಾನಗಳನ್ನು ಹೇಳಿಕೊಟ್ಟಿದ್ದರು, ತಪ್ಪಿಸಿಕೊಳ್ಳುವ ಒಂದೆರಡು ವಿಧಾನಗಳನ್ನೂ ಹೇಳಿಕೊಟ್ಟಿದ್ದರು. ಆದರೆ ಏಟು ಬಿದ್ದು ತಲೆ ಗಿರ್ರಂದಾಗ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ತಲೆ ನೆಟ್ಟಗಿದ್ದಾಗ ಮಾತ್ರ ಸ್ಲಿಪ್, ಬ್ಲಾಕ್, ಕಾಲಿನ ಆಟ ಇವೆಲ್ಲ ನಡೆಯೋದು. ಕಾಲು ನಡುಗುತ್ತಿರುವವನು ಸರಿದು ತಪ್ಪಿಸಿಕೊಳ್ಳುವುದು ಹೇಗೆ? ಅವನಿಗೆ ಉಳಿಯುವ ಉಪಾಯ ಒಂದೇ, ಎದುರಿಗಿದ್ದವನ ಕೈಗಳನ್ನು ಹಿಡಿದು ಕಟ್ಟಿಹಾಕೋದು. ಮೊದಲ ಏಟಿಗಿಂತ ಅದರ ಹಿಂದೆಯೇ ಸಾಲಾಗಿ ಬರುವ ಏಟುಗಳೇ ದೊಡ್ಡ ಅಪಾಯ. "ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು" ಅಂತ ನಮ್ಮ ಹಿರಿಯರು ಹೇಳಿದ್ದು ಬಾಕ್ಸಿಂಗ್ ನೋಡಿ ಅಲ್ಲದಿದ್ದರೂ, ಇಲ್ಲಿಗೆ ಸರಿಯಾಗಿ ಹೊಂದುತ್ತೆ.

ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ? ಪ್ರೊಡಕ್ಷನ್ ಸರ್ವರ್ ಬಿದ್ದಾಗ ಮೊದಲು ಹಳೇ ವರ್ಷನ್ನಿಗೆ ರೋಲ್‌ಬ್ಯಾಕ್ ಮಾಡ್ತೀವಿ. ಬಗ್ ಎಲ್ಲಿತ್ತು, ಯಾಕೆ ಬಂತು ಅನ್ನೋದೆಲ್ಲ ಆಮೇಲೆ. ಹಾಗೆ ರೋಲ್‌ಬ್ಯಾಕ್ ಮಾಡಿದವನನ್ನು ಯಾರೂ ಹೇಡಿ ಅನ್ನೋದಿಲ್ಲ.

*

ಈಗ ಕಲಿಯೋದು ಹೇಗೆ ಅಂತ ನೋಡೋಣ. ಸುಮ್ಮನೆ ಕೈ ಚಾಚಿ ತಬ್ಬಿಕೊಂಡರೆ ಆಯ್ತು ಅಂದುಕೊಂಡವರೇ ಹೆಚ್ಚು. ಹಾಗೆ ಮಾಡಿ ನೋಡಿ, ಎರಡೂ ಕೈ ಅಗಲ ಮಾಡಿ ಹೋದವನ ಗದ್ದಕ್ಕೆ ಅಪ್ಪರ್‌ಕಟ್ ಸಿಗೋದು ಗ್ಯಾರಂಟಿ!

ಈಗ ನಮಗೆ ಹೇಳಿಕೊಡುವ ಮೇಷ್ಟ್ರು ಸೇನೆಯಲ್ಲಿದ್ದು ಬಂದವರು, ವಯಸ್ಸು ಅರವತ್ತರ ಹತ್ತಿರ. ಅವರು ಕ್ಲಿಂಚನ್ನು ನಾಲ್ಕು ಭಾಗ ಮಾಡಿ ಕಲಿಸಿದರು.

ಮೊದಲನೆಯದು, ಒಳಗೆ ಹೋಗೋದು. ದೂರದಿಂದ ನೆಗೆಯುವ ಹಾಗಿಲ್ಲ. ಒಂದು ಜ್ಯಾಬ್ ಹಾಕಿ ಅದರ ಹಿಂದೆಯೇ ನುಗ್ಗಬೇಕು. ಇಲ್ಲವಾದರೆ ಅವನ ಏಟು ನಿಮ್ಮ ಗಾರ್ಡಿಗೆ ಬಡಿದ ಕೂಡಲೇ, ಆ ಕೈ ವಾಪಸ್ಸು ಹೋಗುವ ಮೊದಲೇ ಒಂದು ಹೆಜ್ಜೆ ಮುಂದಿಡಬೇಕು. ಗದ್ದ ಎದೆಯ ಕಡೆಗೆ ಬಾಗಿರಬೇಕು, ಕೈ ಮುಖದ ಹತ್ತಿರವೇ ಇರಬೇಕು. ಏಟು ಬಿದ್ದಾಗ ಹಿಂದಕ್ಕೆ ಓಡು ಅಂತ ಮೈ ಹೇಳುತ್ತೆ, ಕ್ಲಿಂಚ್ ಮುಂದಕ್ಕೆ ಹೋಗು ಅನ್ನುತ್ತೆ. ಕಷ್ಟ ಇರೋದೇ ಇಲ್ಲಿ.

ಎರಡನೆಯದು, ಕಟ್ಟೋದು. ಅವನ ಎರಡೂ ತೋಳುಗಳ ಮೇಲಿನಿಂದ ನಿಮ್ಮ ತೋಳು ಹಾಯಿಸಿ, ಅವನ ಮುಂಗೈಗಳನ್ನು ನಿಮ್ಮ ಕಂಕುಳಲ್ಲಿ ಒತ್ತಿ ಹಿಡಿಯಬೇಕು. ನಿಮ್ಮ ಗ್ಲೌಸು ಅವನ ಮೊಣಕೈ ಹಿಂದಕ್ಕೆ ಬಂದು ನಿಲ್ಲಬೇಕು. ಸೊಂಟ ಹಿಡಿದರೆ ಅವನ ಕೈ ಎರಡೂ ಖಾಲಿ, ನಿಮ್ಮ ತಲೆಗೆ ಡೋಲು ಬಾರಿಸುತ್ತಾನೆ. ಹಿಡಿಯಬೇಕಾದದ್ದು ಅವನ ಆಯುಧವನ್ನು, ಅಂದರೆ ಕೈಯನ್ನು.

ಮೂರನೆಯದು, ತಲೆ ಮತ್ತು ಭಾರ. ನಿಮ್ಮ ಕಿವಿ ಅವನ ಕಿವಿಯ ಹತ್ತಿರ, ತಲೆ ಅವನ ಭುಜಕ್ಕೆ ಒರಗಿರಬೇಕು. ನಡುವೆ ಜಾಗ ಬಿಟ್ಟರೆ ಅಲ್ಲಿಂದ ಅಪ್ಪರ್‌ಕಟ್ ಬರುತ್ತೆ, ತಲೆಗೆ ತಲೆ ಡಿಕ್ಕಿಯೂ ಆಗುತ್ತೆ. ಮಂಡಿ ಸ್ವಲ್ಪ ಬಾಗಿಸಿ, ಪಾದ ಒಂದು ಹಿಂದೆ ಒಂದು ಮುಂದೆ ಇಟ್ಟು, ಮೈಭಾರ ಅವನ ಮೇಲೆ ಹಾಕಬೇಕು. ಆಗ ದಣಿಯೋದು ಅವನು, ಉಸಿರು ಎಳೆದುಕೊಳ್ಳೋದು ನೀವು. ಎರಡು, ಮೂರು ಉಸಿರು ಸಿಕ್ಕರೆ ಸಾಕು, ಕಣ್ಣ ಮುಂದಿನ ಮಂಜು ಎಷ್ಟೋ ತಿಳಿಯಾಗುತ್ತೆ.

ನಾಲ್ಕನೆಯದು, ಬಿಡೋದು. ಇದನ್ನೇ ಎಲ್ಲರೂ ಮರೆಯುವುದು. ರೆಫ್ರಿ "ಬ್ರೇಕ್" ಅಂದಾಗ ಇಬ್ಬರೂ ಪೂರ್ತಿ ಒಂದು ಹೆಜ್ಜೆ ಹಿಂದೆ ಹೋಗಬೇಕು, ಬಿಡಿಸಿಕೊಳ್ಳುವ ಗಳಿಗೆಯಲ್ಲಿ ಹೊಡೆಯುವುದು ಫೌಲ್. ಫೌಲ್ ಅಂತ ನಂಬಿ ಕೈ ಕೆಳಗೆ ಬಿಟ್ಟು ಬರೋದು ಮಾತ್ರ ದಡ್ಡತನ. ಕೈ ಮುಖದ ಮುಂದಿಟ್ಟುಕೊಂಡೇ ಹಿಂದೆ ಸರಿಯಬೇಕು. ರೆಫ್ರಿ ಇಲ್ಲದಾಗ ಅವನ ತೋಳನ್ನು ತಳ್ಳಿ ಪಕ್ಕಕ್ಕೆ ತಿರುಗಿ ಹೊರಬರಬೇಕು, ನೇರ ಹಿಂದಕ್ಕೆ ಬರಬಾರದು.

ಇದನ್ನೆಲ್ಲ ಮೊದಲ ಸಲ ಮಾಡಿದಾಗ ಕೈ ಎಲ್ಲಿ, ಕಾಲು ಎಲ್ಲಿ ಅಂತ ಗೊತ್ತಾಗುವುದಿಲ್ಲ. ನೂರು ಸಲ ಮಾಡಿದ ಮೇಲೆ ತಲೆಯನ್ನು ಕೇಳದೆ ಮೈಯೇ ಮಾಡುತ್ತೆ. ಬೇಕಾಗಿರೋದೂ ಅದೇ. ಕ್ಲಿಂಚ್ ಬೇಕಾಗೋದು ತಲೆ ರಜೆ ಹಾಕಿರುವ ಹೊತ್ತಿನಲ್ಲಿ ತಾನೆ?

*

ದೊಡ್ಡ ದೊಡ್ಡವರು ಏನು ಮಾಡಿದ್ದಾರೆ ನೋಡಿ.

2010ರ ಮೇ 1, ಲಾಸ್ ವೇಗಾಸ್. ಫ್ಲಾಯ್ಡ್ ಮೇವೆದರ್ ಮತ್ತು ಶೇನ್ ಮೋಸ್ಲಿ. ಎರಡನೇ ರೌಂಡಿನಲ್ಲಿ ಮೋಸ್ಲಿಯ ಬಲಗೈ ಏಟಿಗೆ ಮೇವೆದರ್‌ನ ಮಂಡಿ ಕುಸಿಯಿತು. ಏಟೇ ತಾಗದವನು ಅಂತ ಹೆಸರಾದವನಿಗೆ! ಅವನು ವೀರಾವೇಶ ತೋರಿಸಲಿಲ್ಲ, ಓಡಲೂ ಇಲ್ಲ. ಮೋಸ್ಲಿಯ ತೋಳನ್ನು ಸಿಕ್ಕಿಸಿ ಹಿಡಿದುಕೊಂಡ, ಗಳಿಗೆ ದಾಟಿಸಿದ. ಮುಂದಿನ ರೌಂಡುಗಳೆಲ್ಲ ಅವನವೇ, ಮೂವರು ತೀರ್ಪುಗಾರರೂ ಅವನಿಗೇ ಗೆಲುವು ಕೊಟ್ಟರು. ಆ ಪಂದ್ಯದಲ್ಲಿ ಮೇವೆದರ್‌ನ ವೇಗ ಹೊಗಳಿದವರು ಬಹಳ ಜನ. ನನಗೆ ಮಾತ್ರ ಆ ಹಿಡಿತವೇ ಇಡೀ ಪಂದ್ಯದ ಮುಖ್ಯ ಏಟು ಅನ್ನಿಸುತ್ತೆ.

1974ರ ಅಕ್ಟೋಬರ್ 30, ಕಿನ್ಶಾಸಾ. ಮೊಹಮ್ಮದ್ ಅಲಿಗೆ 32 ವಯಸ್ಸು, ಎದುರಿಗೆ ಅದುವರೆಗೆ 40 ಪಂದ್ಯ ಆಡಿ ಒಂದೂ ಸೋಲದ ಜಾರ್ಜ್ ಫೋರ್‌ಮನ್. ಅಲಿ ಹಗ್ಗಕ್ಕೆ ಒರಗಿ ಏಟು ತಿಂದು ಫೋರ್‌ಮನ್‌ನನ್ನು ದಣಿಸಿದ ಕತೆ ಎಲ್ಲರಿಗೂ ಗೊತ್ತು. ವಿಡಿಯೋ ಇನ್ನೊಂದು ಸಲ ನೋಡಿ. ಹಗ್ಗದ ಜೊತೆಗೆ ಅಲಿ ಮಾಡಿದ ಇನ್ನೊಂದು ಕೆಲಸ ಕಾಣುತ್ತೆ: ಫೋರ್‌ಮನ್ ಹತ್ತಿರ ಬಂದಾಗಲೆಲ್ಲ ಕತ್ತಿನ ಹಿಂದೆ ಕೈ ಹಾಕಿ ಬಗ್ಗಿಸಿ ತನ್ನ ಭಾರ ಅವನ ಮೇಲೆ ಹೇರೋದು. ಅಷ್ಟು ದೊಡ್ಡ ಆಳು ಎಂಟನೇ ರೌಂಡಿಗೆ ಸುಸ್ತಾಗಿ ಬಿದ್ದದ್ದರಲ್ಲಿ ಇದರ ಪಾಲೂ ಇದೆ. ಅದೇ ವರ್ಷದ ಜನವರಿಯಲ್ಲಿ ಜೋ ಫ್ರೇಜಿಯರ್ ಮೇಲೂ ಅಲಿ ಇದೇ ಅಸ್ತ್ರ ಬಳಸಿ ಗೆದ್ದಿದ್ದ. ಫ್ರೇಜಿಯರ್‌ನ ಗುರು ಎಡ್ಡಿ ಫಚ್ ಅದನ್ನು ಮರೆಯಲಿಲ್ಲ. 1975ರ ಮನಿಲಾ ಪಂದ್ಯಕ್ಕೆ ರೆಫ್ರಿ ಯಾರಾಗಬೇಕು ಅಂತ ಪಟ್ಟು ಹಿಡಿದು ಕೂತರು, ಹಿಡಿಯೋಕೆ ಬಿಡದ ರೆಫ್ರಿ ಬೇಕು ಅಂತ. ಕ್ಲಿಂಚ್ ಕೆಲಸಕ್ಕೆ ಬಾರದ್ದಾಗಿದ್ದರೆ ಎದುರಾಳಿಯ ಗುರು ಅದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರಾ?

ಹಿಡಿಯದೇ ಕೆಟ್ಟವರ ಕತೆಯೂ ಇದೆ. 1990ರ ಮಾರ್ಚ್ 17ರಂದು ಲಾಸ್ ವೇಗಾಸಿನಲ್ಲಿ ಮೆಲ್ಡ್ರಿಕ್ ಟೇಲರ್ ಮತ್ತು ಹುಲಿಯೊ ಸೀಸರ್ ಚಾವೆಸ್. ಟೇಲರ್ 1984ರ ಒಲಿಂಪಿಕ್ ಚಿನ್ನ ಗೆದ್ದವನು, ಮಿಂಚಿನ ಕೈ. ಹನ್ನೆರಡು ರೌಂಡಿನ ಪಂದ್ಯದಲ್ಲಿ ಹನ್ನೊಂದು ಮುಗಿದಾಗ ಮೂವರಲ್ಲಿ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಅವನೇ ದೂರ ಮುಂದಿದ್ದ. ನಿಂತಿದ್ದರೆ ಗೆಲುವು. ಆದರೆ ಅಷ್ಟು ಹೊತ್ತಿಗೆ ಅವನ ಮುಖ ಊದಿ, ಮೈ ಬಸವಳಿದಿತ್ತು. ಕೊನೇ ರೌಂಡನ್ನು ಗೆಲ್ಲಲೇಬೇಕು ಅಂತ ಅವನ ಕಡೆಯವರೇ ಹೇಳಿ ಕಳಿಸಿದರು. ಅವನು ಹೊಡೆದಾಡೋಕೆ ಹೋದ, ಕೊನೆಗಳಿಗೆಯಲ್ಲಿ ಬಿದ್ದ. ಎದ್ದು ನಿಂತರೂ ರೆಫ್ರಿ ಪಂದ್ಯ ನಿಲ್ಲಿಸಿದರು. ಗಡಿಯಾರದಲ್ಲಿ ಉಳಿದಿದ್ದದ್ದು ಎರಡೇ ಸೆಕೆಂಡು! ರೆಫ್ರಿ ಮಾಡಿದ್ದು ಸರಿಯಾ ತಪ್ಪಾ ಅಂತ ಜನ ಇವತ್ತಿಗೂ ಜಗಳ ಆಡ್ತಾರೆ. ನನಗೆ ಆ ಜಗಳಕ್ಕಿಂತ ಅದರ ಹಿಂದಿನ ನಿಮಿಷ ಮುಖ್ಯ. ಆ ರೌಂಡಿನಲ್ಲಿ ಅವನು ಹೊಡೆಯೋದು ಬಿಟ್ಟು ನಾಲ್ಕು ಸಲ ಚಾವೆಸ್‌ನನ್ನು ಕಟ್ಟಿ ಹಿಡಿದಿದ್ದರೆ? ಆ ರಾತ್ರಿಯ ನಂತರ ಟೇಲರ್ ಹಳೆಯ ಟೇಲರ್ ಆಗಲೇ ಇಲ್ಲ ಅನ್ನೋದು ಬಾಕ್ಸಿಂಗ್ ಬಲ್ಲವರ ಮಾತು.

*

ಈಗ ಎದುರು ವಾದಕ್ಕೆ ಬರೋಣ, ಅದರಲ್ಲೂ ಹುರುಳಿದೆ.

"ನಿಯಮದಲ್ಲೇ ಇಲ್ಲವಲ್ಲ ಸಾರ್" ಅನ್ನೋದು ಮೊದಲ ಆಕ್ಷೇಪ. ನಿಜ. ಇವತ್ತಿನ ಬಾಕ್ಸಿಂಗಿಗೆ ತಳಪಾಯ ಆದ 1867ರ ಕ್ವೀನ್ಸ್‌ಬೆರಿ ನಿಯಮಗಳಲ್ಲಿ ಕುಸ್ತಿ ಹಿಡಿಯೋದು, ತಬ್ಬಿಕೊಳ್ಳೋದು ಎರಡೂ ಕೂಡದು ಅಂತಲೇ ಬರೆದಿದೆ. ಆದರೂ ನೂರೈವತ್ತು ವರ್ಷದಿಂದ ರೆಫ್ರಿಗಳು ಚಿಕ್ಕ ಹಿಡಿತವನ್ನು ನೋಡಿ "ಬ್ರೇಕ್" ಅಂತ ಬಿಡಿಸಿ ಮುಂದೆ ಹೋಗುತ್ತಾರೆ, ಮೇಲಿಂದ ಮೇಲೆ ಹಿಡಿದರೆ ಮಾತ್ರ ಎಚ್ಚರಿಸಿ ಅಂಕ ಕಳೆಯುತ್ತಾರೆ. ಆಟದ ಒಳಗಿನವರೆಲ್ಲ ಒಪ್ಪಿಕೊಂಡ ಸಣ್ಣ ಸಡಿಲಿಕೆ ಇದು. ಆ ಸಡಿಲಿಕೆಯನ್ನು ಎಷ್ಟು ಎಳೆಯಬಹುದು ಅನ್ನೋದರಲ್ಲೇ ವಿವೇಕ ಇರೋದು.

ಎಳೆದವರ ಗತಿ ಏನಾಯ್ತು ಅನ್ನೋಕೂ ಉದಾಹರಣೆ ಇದೆ. 1987ರ ಮಾರ್ಚಿನಲ್ಲಿ ಮೈಕ್ ಟೈಸನ್ ಎದುರು ಜೇಮ್ಸ್ 'ಬೋನ್‌ಕ್ರಷರ್' ಸ್ಮಿತ್ ಹನ್ನೆರಡು ರೌಂಡೂ ಹಿಡಿದುಕೊಂಡೇ ಇದ್ದ. ಮೂಳೆ ಮುರಿಯುವವನು ಅಂತ ಹೆಸರು ಇಟ್ಟುಕೊಂಡು! ಬಿದ್ದಂತೂ ಹೋಗಲಿಲ್ಲ, ಆದರೆ ರೆಫ್ರಿ ಅಂಕ ಕಳೆದರು, ಜನ ಕೂಗಿದರು, ಭಾರೀ ಅಂತರದಲ್ಲಿ ಸೋತ. 2013ರ ಅಕ್ಟೋಬರಿನಲ್ಲಿ ಮಾಸ್ಕೋದಲ್ಲಿ ವ್ಲಾಡಿಮಿರ್ ಕ್ಲಿಚ್ಕೊ ಅಲೆಕ್ಸಾಂಡರ್ ಪವೆಟ್ಕಿನ್‌ನನ್ನು ನಾಲ್ಕು ಸಲ ನೆಲಕ್ಕೆ ಕೆಡವಿ ಗೆದ್ದ. ಆದರೂ ಆ ಪಂದ್ಯದ ಬಗ್ಗೆ ಜನ ನೆನಪಿಟ್ಟುಕೊಂಡಿರೋದು ಅವನು ಪವೆಟ್ಕಿನ್ ಮೇಲೆ ಒರಗಿದ್ದು, ತಬ್ಬಿದ್ದು ಮಾತ್ರ. ಆ ಪಂದ್ಯ ನೋಡೋಕೆ ನನಗೂ ಬೇಸರವೇ.

ಇನ್ನು ನಮ್ಮವರದೇ ಒಂದು ಕತೆ, ನೆನೆದರೆ ಹೊಟ್ಟೆ ಉರಿಯುತ್ತೆ. 2012ರ ಲಂಡನ್ ಒಲಿಂಪಿಕ್ಸ್, 69 ಕೆಜಿ ವಿಭಾಗ. ನಮ್ಮ ವಿಕಾಸ್ ಕೃಷ್ಣನ್ ಅಮೆರಿಕದ ಎರಲ್ ಸ್ಪೆನ್ಸ್‌ನನ್ನು 13-11ರಿಂದ ಗೆದ್ದ ಅಂತ ಘೋಷಣೆ ಆಯಿತು. ಅಮೆರಿಕದವರು ಮೇಲ್ಮನವಿ ಹಾಕಿದರು. ತೀರ್ಪುಗಾರರ ಮಂಡಳಿ ವಿಡಿಯೋ ನೋಡಿ, ಮೂರನೇ ರೌಂಡ್ ಒಂದರಲ್ಲೇ ವಿಕಾಸ್ ಒಂಬತ್ತು ಸಲ ಹಿಡಿದಿದ್ದಾನೆ, ಎರಡನೇ ರೌಂಡಿನಲ್ಲಿ ಬೇಕಂತಲೇ ಗಮ್‌ಶೀಲ್ಡ್ ಉಗುಳಿದ್ದಾನೆ, ಇದಕ್ಕೆ ಸ್ಪೆನ್ಸ್‌ಗೆ ಕಡೇಪಕ್ಷ ನಾಲ್ಕು ಅಂಕ ಸಲ್ಲಬೇಕಿತ್ತು ಅಂತ ಹೇಳಿ ಫಲಿತಾಂಶವನ್ನು 15-13 ಅಂತ ತಿರುಗಿಸಿತು. ಗೆದ್ದು ಮಲಗಿದ ಹುಡುಗ ಸೋತು ಎದ್ದ.

ಇದನ್ನು ನೋಡಿ "ಅದಕ್ಕೇ ಕ್ಲಿಂಚ್ ಕಲಿಸಬಾರದು" ಅನ್ನುವವರಿದ್ದಾರೆ. ನಾನು ಉಲ್ಟಾ ಹೇಳ್ತೀನಿ, ಅದಕ್ಕೇ ಸರಿಯಾಗಿ ಕಲಿಸಬೇಕು. ಮೂರು ನಿಮಿಷದಲ್ಲಿ ಒಂಬತ್ತು ಸಲ ಹಿಡಿಯೋದು ದಣಿದವನ ಅಭ್ಯಾಸಬಲ. ಒಂದು ಸಲ, ಬೇಕಾದ ಗಳಿಗೆಯಲ್ಲಿ ಹಿಡಿದು ಬಿಡೋದು ಕಲಿತವನ ಲಕ್ಷಣ. ಅಮೆಚೂರ್ ಬಾಕ್ಸಿಂಗಿನಲ್ಲಿ ಪಂದ್ಯ ಮೂರೇ ರೌಂಡು, ರೆಫ್ರಿಗಳ ಕಣ್ಣು ಹಿಡಿತದ ಮೇಲೆ ಹೆಚ್ಚು. ಅಲ್ಲಿ ಕ್ಲಿಂಚ್ ಅನ್ನೋದು ಮೊಬೈಲಿನ ಕೊನೇ ಐದು ಪರ್ಸೆಂಟ್ ಬ್ಯಾಟರಿ ಇದ್ದ ಹಾಗೆ, ಲೆಕ್ಕ ಹಾಕಿ ಖರ್ಚು ಮಾಡಬೇಕು. ಉಪ್ಪು ಜಾಸ್ತಿಯಾಗಿ ಸಾರು ಕೆಟ್ಟಿತು ಅಂತ ಉಪ್ಪನ್ನೇ ಮನೆಯಿಂದ ಹೊರಗೆ ಹಾಕ್ತೀವಾ?

ಮೂರನೇ ಆಕ್ಷೇಪ, "ನೋಡೋಕೆ ಚೆನ್ನಾಗಿರಲ್ಲ". ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ನೋಡುವವರಿಗೆ ಚೆನ್ನಾಗಿರಲಿ ಅಂತ ಏಟು ತಿನ್ನೋನು ಅದಕ್ಕೆ ದುಡ್ಡು ತಗೊಂಡವನು. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್-ಕೂ ಹದಿನಾಲ್ಕನೇ ರೌಂಡಿನವರೆಗೆ ರೇ ಮಾನ್ಚೀನಿಯ ಏಟು ತಿಂದು ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ 15 ರೌಂಡಿನ ವಿಶ್ವ ಪಟ್ಟದ ಪಂದ್ಯಗಳು 12ಕ್ಕೆ ಇಳಿದವು. ದುಡ್ಡು, ಡಾಕ್ಟರು, ಕ್ಯಾಮೆರಾ ಎಲ್ಲ ಇರುವ ಕಡೆಯೇ ಹೀಗಾದರೆ, ಸಂಜೆ ಆಫೀಸ್ ಮುಗಿಸಿ ಬರುವ ನಮಗೆ ಯಾರಿಗೆ ಚೆಂದ ಕಾಣಬೇಕಿದೆ ಹೇಳಿ?

*

ನಗು ಬರೋ ವಿಷಯ ಅಂದರೆ, ಹಿಡಿಯುವ ವಿದ್ಯೆಗೆ ನಮ್ಮಲ್ಲಿ ಬರ ಇಲ್ಲ. ಗರಡಿ ಮನೆಗಳ ನಾಡು ನಮ್ಮದು. ಪಟ್ಟು ಹಾಕೋದು, ಬಿಡಿಸಿಕೊಳ್ಳೋದು ನಮ್ಮ ಪೈಲ್ವಾನರಿಗೆ ಉಸಿರಾಡಿದಷ್ಟು ಸಲೀಸು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಂತೂ ರಕ್ತ ಕಂಡ ಕೂಡಲೇ ಕಾಳಗ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಬೇಕು ಅಂತ ತಿಳಿಯೋದೂ ಕಾಳಗದ ಭಾಗವೇ ಅಂತ ಅವರಿಗೆ ಗೊತ್ತು. ಮಹಾಭಾರತದ ಧೃತರಾಷ್ಟ್ರ ಕೊಲ್ಲುವುದಕ್ಕೆ ಅಂತ ಅಪ್ಪಿಕೊಂಡ. ಬಾಕ್ಸರ್ ಅಪ್ಪಿಕೊಳ್ಳೋದು ಬದುಕಿಕೊಳ್ಳುವುದಕ್ಕೆ.

ಹಾಗಾಗಿ ಹವ್ಯಾಸಿ ಜಿಮ್ಮುಗಳನ್ನು ನಡೆಸುವವರಿಗೆ ನನ್ನ ಕೋರಿಕೆ ಚಿಕ್ಕದು. ಪ್ರತಿ ಕ್ಲಾಸಿನಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಡಿ. ಗ್ಲೌಸ್ ಕೂಡ ಬೇಡ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ತೋಳಿಗೆ ತೋಳು ಹಾಕಿ, ಬಿಡಿಸಿ, ಮತ್ತೆ ಹಾಕಿಸಿ. ಒಂದೇ ಒಂದು ಏಟು ತಲೆಗೆ ಬೀಳದೆ ಕಲಿಯಬಹುದಾದ ಪಾಠ ಇದು. ಇದು ಬಂದ ಮೇಲೆಯೇ ಸ್ಪಾರಿಂಗ್. ಸ್ಪಾರಿಂಗಿನಲ್ಲಿ ಯಾರಾದರೂ ಹಿಡಿದರೆ "ಮುದ್ದಾಡೋಕೆ ಬಂದಿದೀಯಾ" ಅಂತ ಹಂಗಿಸುವವರ ಬಾಯಿ ಮುಚ್ಚಿಸಿ. ಆ ಒಂದು ಮಾತಿಗೆ ನಾಚಿ ಎಷ್ಟು ಜನ ನಿಂತಲ್ಲೇ ಏಟು ತಿನ್ನುತ್ತಾರೋ!

ನೀವೋ, ನಿಮ್ಮ ತಮ್ಮನೋ, ತಂಗಿಯೋ ಬಾಕ್ಸಿಂಗ್ ಸೇರುವುದಾದರೆ ಫೀಸು ಕಟ್ಟುವ ಮೊದಲು ಕೋಚನ್ನು ಒಂದು ಪ್ರಶ್ನೆ ಕೇಳಿ: "ಸಾರ್, ತಲೆಗೆ ಜೋರಾಗಿ ಬಿದ್ದು ಕಾಲು ನಡುಗಿದರೆ ಏನು ಮಾಡಬೇಕು ಅಂತ ಯಾವಾಗ ಹೇಳಿಕೊಡ್ತೀರಾ?" ಅವರು "ಮೊದಲ ತಿಂಗಳಲ್ಲೇ" ಅಂದರೆ ಕಣ್ಣುಮುಚ್ಚಿ ಸೇರಿಕೊಳ್ಳಿ. "ಅಂಥದ್ದೆಲ್ಲ ಏನಾಗಲ್ಲ, ಧೈರ್ಯ ಇದ್ದರೆ ಸಾಕು" ಅಂದರೆ ನಮಸ್ಕಾರ ಹೇಳಿ ಬಂದುಬಿಡಿ. ನಾಳೆ ಬೆಳಗ್ಗೆ ಅದೇ ತಲೆ ಇಟ್ಟುಕೊಂಡು ಕೆಲಸಕ್ಕೆ ಹೋಗಬೇಕಾದವರು ನಾವು.

ನೀವೇನಂತೀರಾ?